ಹಿಟ್ಟು ಬಿಡಿಸಿದ ಶರಣಪ್ಪ ಸರ್

ಶರಣಪ್ಪ ಸರ್ ಕಣ್ಣಿಗೆ ಊಟದ ತಾಟು ನಮ್ಮ ಕಲಬುರಗಿಯ ನಕಾಶೆಯ ಹಾಗೆ ಕಾಣುತ್ತಿತ್ತು. ಒಂದು ಜೋಳದ ರೊಟ್ಟಿ ಅಂದರೆ ಕುಸನೂರಿನಿಂದ ಯುನಿವರ್ಸಿಟಿ ಗೇಟಿನವರೆಗೆ ನಡಿಗೆ. ಒಂದು ಬಟ್ಟಲು ಅನ್ನ ಅಂದರೆ ಅಲ್ಲಿಂದ ವಾಪಸು. ತುಪ್ಪ ಸುರಿದ ಹೂರಣದ ಹೋಳಿಗೆಯಾದರೆ ನೆಹರು ಗಂಜ್ ಪೇಟೆಯಿಂದ ಕೋಟೆಯ ತನಕ, ಅದೂ ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ. ಕ್ಯಾಲರಿ ಎಂಬುದು ಅವರಿಗೆ ಗೊತ್ತಿರಲಿಲ್ಲ ಎಂದಲ್ಲ. ಅದನ್ನು ಎಣಿಸುವ ಆ್ಯಪ್ ಮೊಬೈಲಿನಲ್ಲಿತ್ತು, ಚೀಲದಲ್ಲಿ ಊಟ ತೂಗುವ ಪುಟ್ಟ ಯಂತ್ರವೂ ಇರುತ್ತಿತ್ತು. ಆದರೆ ನಮಗೆ ಅಂಕಿ ಹೇಳುತ್ತಿರಲಿಲ್ಲ. "ಅಂಕಿ ಹೇಳಿದ್ರ ಯಾರಿಗಿ ತಿಳೀತದ್ರಿ ಮೇಡಂ? ಕಾಲು ನೋಯ್ತಾವ ಅಂದ್ರ ತಿಳೀತದ" ಎನ್ನುತ್ತಿದ್ದರು.

ಅವರು ಖಾಸಗಿ ಶಾಲೆಯೊಂದರಲ್ಲಿ ಪಿ.ಟಿ. ಮಾಸ್ತರ್. ಹೆಂಡತಿ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಕುಸನೂರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ನಾನು ನೋಡುವ ಹೊತ್ತಿಗೆ ಐವತ್ತು ದಾಟಿದ, ಸೆಟೆದು ನಿಲ್ಲುವ, ಕೊರಳಲ್ಲಿ ಸೀಟಿ ತೂಗುಬಿಟ್ಟುಕೊಂಡ ತೆಳ್ಳನೆಯ ಮನುಷ್ಯ. ಅದಕ್ಕೂ ಮೊದಲು ನೂರು ಕಿಲೋಗೆ ಎರಡೇ ಕಡಿಮೆ ಇದ್ದರಂತೆ. ಅವರನ್ನು ಬದಲಿಸಿದ್ದು ಒಂದು ಆಟೋ. "ಶೇರ್ ಆಟೋ ಹತ್ತಾಕ ಹೋದೆ. ಡ್ರೈವರ್ ನನ್ನ ಮ್ಯಾಲಿಂದ ಕೆಳಗ ನೋಡಿ, 'ಸರ್, ನೀವು ಕುಂತ್ರ ಇಬ್ಬರನ್ನ ಇಳಸಬೇಕಾಗ್ತದ' ಅಂದ. ಅವತ್ತು ನಡಕೋತ ಮನಿಗಿ ಬಂದೆ. ಮರುದಿನ ರೊಟ್ಟಿ ಬಿಟ್ಟೆ."

ಈ ಕತೆಯನ್ನು ಮೂರು ಸಲ ಕೇಳಿದ್ದೇನೆ. ಒಮ್ಮೆ ಆಟೋ ಸುಪರ್ ಮಾರ್ಕೆಟ್‌ನಲ್ಲಿ ನಿಂತಿತ್ತು, ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ. ಇನ್ನೊಮ್ಮೆ ಆ ಮಾತು ಅಂದದ್ದು ಡ್ರೈವರ್ ಅಲ್ಲ, ಒಳಗೆ ಕುಳಿತಿದ್ದ ಹೆಂಗಸು. ಅಥವಾ ಅವರು ಮೂರು ಸಲವೂ ಒಂದೇ ರೀತಿ ಹೇಳಿದ್ದು, ಬದಲಿಸಿಕೊಂಡವಳು ನಾನೋ ಏನೋ. ನಾನು ಇತಿಹಾಸ ಪಾಠ ಹೇಳುವವಳು. ಆಧಾರವಿಲ್ಲದ ಮಾತು ನಂಬಬೇಡಿ ಎಂದು ವರ್ಷವರ್ಷವೂ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಡೈರಿ ಬರೆಯುವ ಚಟವೂ ಅದಕ್ಕೇ ಹತ್ತಿದ್ದು. ಶರಣಪ್ಪ ಸರ್ ವಿಷಯದಲ್ಲಿ ಮಾತ್ರ ನನ್ನ ನೆನಪಿಗೂ ನನ್ನ ಆಧಾರಗಳಿಗೂ ತಾಳೆಯಾಗುವುದಿಲ್ಲ.

ಬೆಳಿಗ್ಗೆ ಮೈದಾನದಲ್ಲಿ ನಡೆಯಲು ಬರುತ್ತಿದ್ದ ನಮ್ಮಂಥ ಹತ್ತು ಹನ್ನೆರಡು ಮಂದಿಯನ್ನು ಕೂಡಿಸಿ ಅವರು ಒಂದು ವಾಟ್ಸಾಪ್ ಗುಂಪು ಮಾಡಿದರು. ಹೆಸರು 'ಹಿಟ್ಟು ಬಿಟ್ಟವರು'. ಅವರ ಶಾಸ್ತ್ರದಲ್ಲಿ ರೊಟ್ಟಿ, ಚಪಾತಿ, ಅನ್ನ, ಸಕ್ಕರೆ, ಬಟಾಟೆ, ಬಾಳೆಹಣ್ಣು ಎಲ್ಲವೂ ಹಿಟ್ಟೇ. ಉರ್ದು ಶಾಲೆಯ ಟೀಚರ್ ನಸ್ರೀನ್ ಒಮ್ಮೆ ಕೇಳಿದಳು: "ಬಾಳೆಹಣ್ಣು ಹಿಟ್ಟು ಹ್ಯಾಂಗ ಆಗ್ತದ್ರಿ ಸರ್?"

"ನುಂಗಿದ ಮ್ಯಾಲ ಆಗ್ತದ್ರಿ."

ಎಣ್ಣೆಗಾಯಿ ತಿನ್ನಬಹುದು, ರೊಟ್ಟಿ ಇಲ್ಲದೆ. ಪುಂಡಿಪಲ್ಯ ತಿನ್ನಬಹುದು, ಅದರಲ್ಲಿ ಜೋಳದ ನುಚ್ಚು ಇರಬಾರದು. ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ? "ನಾಲಿಗಿಗಿ ಹಚ್ಚಬೇಕು, ಹೊಟ್ಟಿಗಿ ಅಲ್ಲ." ಜೋಳ ತಿಂದೇ ಬೆಳೆದ ಮಂದಿಗೆ ಅವರು ಹೇಳಿದ್ದನ್ನು ನೆನೆದರೆ, ನಾವೆಲ್ಲ ಒಪ್ಪಿದ್ದೇ ಆಶ್ಚರ್ಯ. ಒಪ್ಪಿದೆವು, ಏಕೆಂದರೆ ಎದುರಿಗೆ ಅವರ ಮೈಯೇ ಸಾಕ್ಷಿಯಾಗಿ ನಿಂತಿರುತ್ತಿತ್ತು.

ಗುಂಪಿಗೆ ಇದ್ದ ಕಾನೂನು ಒಂದೇ. ಪ್ರತಿ ಊಟದ ಮುಂಚೆ ತಾಟಿನ ಫೋಟೋ ಕಳಿಸಬೇಕು. ಆ ಫೋಟೋಗಳನ್ನು ಅವರು ಪೊಲೀಸರ ಹಾಗೆ ನೋಡುತ್ತಿದ್ದರು. ಗಂಜಿನಲ್ಲಿ ತೊಗರಿಬೇಳೆ ವ್ಯಾಪಾರ ಮಾಡುವ ವೀರಣ್ಣ ಒಂದು ಮಧ್ಯಾಹ್ನ ಬದನೆಕಾಯಿ, ಮೊಸರು, ಸೌತೆಕಾಯಿಯ ಸಾಧು ತಾಟೊಂದನ್ನು ಕಳಿಸಿದರು. ಎರಡು ನಿಮಿಷಕ್ಕೆ ಸರ್ ವಾಯ್ಸ್ ಮೆಸೇಜ್ ಬಂತು: "ವೀರಣ್ಣಾ, ತಾಟು ಚಲೋ ಅದ. ಬಾಜೂಕ ಇಟ್ಟ ಸ್ಟೀಲ್ ಗಿಲಾಸಿನಾಗ ರೊಟ್ಟಿ ಕಾಣಾಕತ್ತಾವಲ್ಲೋ ಮಾರಾಯಾ. ಎಷ್ಟವ, ನಾಕೋ ಐದೋ?" ನೋಡಿದರೆ ಹೌದು. ಲೋಟದ ಹೊಳೆಯುವ ಹೊಟ್ಟೆಯಲ್ಲಿ ಬೆಳ್ಳಗೆ, ವಕ್ರವಾಗಿ, ಆಚೆ ಇಟ್ಟಿದ್ದ ರೊಟ್ಟಿ ಅಟ್ಟಿಯ ಪ್ರತಿಬಿಂಬ. "ಅವು ನಮ್ಮ ಮನಿಯಾಕಿವು ಸರ್" ಎಂದು ವೀರಣ್ಣ ಬರೆದರು. ನಾವು ವಾರವಿಡೀ ನಕ್ಕೆವು.

ನನ್ನ ಸರದಿ ಬಂದಾಗ ನಗು ಬರಲಿಲ್ಲ. ತಂಗಿಯ ಮನೆಯಲ್ಲಿ ಎರಡು ಹೋಳಿಗೆ ತಿಂದು, ಗುಂಪಿಗೆ ಹಳೆಯ ಫೋಟೋ ಕಳಿಸಿದ್ದೆ. ಅವರಿಗೆ ಗೊತ್ತಾಗಿಬಿಟ್ಟಿತು. ಎಲ್ಲರೂ ಓದುವಂತೆ ಬರೆದರು: "ಮೇಡಂ, ಮುಂಜಾನೆ ಕೈಯಾಗ ಹಸಿರು ಬಳಿ ಇದ್ದವು. ಈ ಫೋಟೋದಾಗಿನ ಕೈಯಾಗ ಕೆಂಪು ಅವ. ನಿಮ್ಮ ಡಿಗ್ರಿ ದೊಡ್ಡದ್ರಿ, ನಾಲಿಗಿ ಅದಕ್ಕಿಂತ ದೊಡ್ಡದು." ಕೆಳಗೆ ಹನ್ನೊಂದು ನಗುಮುಖಗಳು. ಆ ದಿನ ಡೈರಿಯಲ್ಲಿ ನಾನು ಬರೆದಿರುವುದು ಒಂದೇ ಸಾಲು: 'ಇವರಿಗೂ ಒಂದು ದಿನ ಬರುತ್ತದೆ.' ಅದನ್ನು ಬರೆದದ್ದು ನೆನಪಿರಲಿಲ್ಲ. ಅಕ್ಷರ ನನ್ನದೇ.

ಮುಂದಿನ ಕೆಲವು ತಿಂಗಳಲ್ಲಿ ಸರ್ ಇನ್ನೂ ಇಳಿದರು. ಪ್ಯಾಂಟು ಸೊಂಟದ ಮೇಲೆ ನೆರಿಗೆಗಟ್ಟತೊಡಗಿತು, ಬೆಲ್ಟಿಗೆ ಹೊಸ ತೂತುಗಳು ಬಿದ್ದವು. "ಸರ್, ಕಾಲೇಜು ಹುಡುಗ ಆಗೀರಿ" ಎಂದರು ವೀರಣ್ಣ. "ಕ್ಯಾ ಬಾತ್ ಹೈ ಸರ್, ನಮಗೂ ಸೀಕ್ರೆಟ್ ಹೇಳ್ರಿ" ಎಂದಳು ನಸ್ರೀನ್. ನಾನೂ ಏನೋ ಅಂದಿರಬೇಕು. ಅವರು ಬರೀ ನಗುತ್ತಿದ್ದರು. ಆಮೇಲೆ ಮೈದಾನಕ್ಕೆ ಬರುವುದು ಕಡಿಮೆಯಾಯಿತು. ತಮ್ಮ ತಾಟಿನ ಫೋಟೋ ಹಾಕುವುದನ್ನು ನಿಲ್ಲಿಸಿದರು. ನಾವು ಕೇಳಿದರೆ ಶಾಲೆಯ ಕೆಲಸ ಅಂದರು.

ಆ ಬೇಸಿಗೆಯಲ್ಲಿ ಪರೀಕ್ಷೆಯ ಕೆಲಸಕ್ಕೆಂದು ನನ್ನನ್ನು ಕಮಲಾಪುರಕ್ಕೆ ಹಾಕಿದ್ದರು. ಸಂತೆಯ ದಿನ. ಕೆಲಸ ಮುಗಿಸಿ ಬಸ್ಸಿಗೆ ನಿಂತಿದ್ದಾಗ ರಸ್ತೆಯಾಚೆಯ ಖಾನಾವಳಿಯಲ್ಲಿ ಕಿಟಕಿಯ ಪಕ್ಕ ಶರಣಪ್ಪ ಸರ್ ಕಂಡರು. ಮುಂದೆ ಮೂರು ರೊಟ್ಟಿ, ಅನ್ನದ ಗುಡ್ಡೆ, ಪಕ್ಕದಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣಿನ ಅರ್ಧ ಚಿಪ್ಪು. ಒಂದು ಹಣ್ಣು ಸುಲಿದು ಬಾಯಿಗಿಟ್ಟಿದ್ದರು. ನನಗೆ ಹಿಗ್ಗಾಯಿತು. ಇದನ್ನು ಬೇರೆ ಮಾತಿನಲ್ಲಿ ಹೇಳಲಾರೆ. ಹತ್ತಿರ ಹೋಗಿ ಮಾತಾಡಿಸಬಹುದಿತ್ತು, ರಸ್ತೆ ಅಷ್ಟೇನೂ ಅಗಲವಿಲ್ಲ. ಮೊಬೈಲ್ ತೆಗೆದು, ಚಿತ್ರ ಹಿಗ್ಗಿಸಿ, ಫೋಟೋ ಹೊಡೆದೆ.

ಬಹಳ ದಿನ ನಾನು ನಂಬಿದ್ದು, ಆ ಫೋಟೋವನ್ನು ನಸ್ರೀನ್ ಒಬ್ಬಳಿಗೇ ಕಳಿಸಿದೆ, ಅವಳು ಗುಂಪಿಗೆ ಹಾಕಿದಳು ಎಂದು. ಮೊಬೈಲ್ ಬೇರೆಯೇ ಹೇಳುತ್ತದೆ. ಗುಂಪಿಗೆ ಹಾಕಿದವಳು ನಾನೇ. ಕೆಳಗೆ ಬರೆದವಳೂ ನಾನೇ: 'ಸರ್, ಇದು ಎಲ್ಲಿಂದ ಎಲ್ಲಿ ತನಕ ನಡಿಗಿ?'

ವೀರಣ್ಣ: "ಇದು ಕಲಬುರಗಿಯಿಂದ ಕಾಶಿ ತನಕ!"

ನಸ್ರೀನ್: "ರೋಜಾದಾಗ ಒಂದೇ ಒಂದು ಖಜೂರ್ ಜಾಸ್ತಿ ತಿಂದಿದ್ದಕ್ಕ ನನಗ ಎಷ್ಟು ಬೈದ್ರಿ ಸರ್! ಈಗ ಬೋಲೋ."

ಇನ್ನೊಬ್ಬರು: "ಗುರುಗಳೇ ಹಿಟ್ಟಿನಾಗ ಬಿದ್ದಾರ."

ಒಂದು ತಾಸು ಕಳೆದ ಮೇಲೆ ಸರ್ ಬರೆದರು: "ತಪ್ಪಾಗ್ಯದ. ನೀವ್ಯಾರೂ ಬಿಡಬ್ಯಾಡ್ರಿ." ಬರೆದು ಗುಂಪಿನಿಂದ ಹೊರಗೆ ಹೋದರು.

ನನ್ನ ನೆನಪಿನಲ್ಲಿ ಆ ಕಿಟಕಿಯ ಶರಣಪ್ಪ ಸರ್ ನಗುತ್ತಿದ್ದಾರೆ, ಕದ್ದು ತಿನ್ನುವವರ ಖುಷಿಯಲ್ಲಿ. ಫೋಟೋದಲ್ಲಿ ನಗುವಿಲ್ಲ. ಕಣ್ಣು ಮುಚ್ಚಿದ್ದಾರೆ. ಒಂದು ಕೈ ಮೇಜಿನ ಅಂಚನ್ನು ಹಿಡಿದಿದೆ. ಔಷಧ ನುಂಗುವವರು ಹಾಗೆ ಹಿಡಿಯುತ್ತಾರೆ.

ಎರಡು ತಿಂಗಳಾದ ಮೇಲೆ ಅವರ ನಂಬರಿನಿಂದ ಫೋನ್ ಬಂತು. ಹೆಂಗಸಿನ ದನಿ. "ನಾ ಕಸ್ತೂರಿಬಾಯಿ ರೀ, ಶರಣಪ್ಪನ ತಂಗಿ. ಕಮಲಾಪುರದಾಗ ಇರ್ತೀನಿ. ಫೋಟೋ ತಗದ ಮೇಡಂ ನೀವೇ ಏನ್ರಿ? ಅಣ್ಣ ಒಮ್ಮಿ ಬಂದು ಹೋಗ್ರಿ ಅಂದಾನ."

ಹೋದೆ. ಹಾಸಿಗೆಯ ಮೇಲೆ ಕುಳಿತಿದ್ದವರನ್ನು ಗುರುತು ಹಿಡಿಯಲು ನನಗೆ ಹೊತ್ತು ಬೇಕಾಯಿತು. ಹೊಟ್ಟೆಯೊಳಗೆ ಕ್ಯಾನ್ಸರ್ ಗಂಟು. ಮೈ ತಾನಾಗಿ ಇಳಿಯುತ್ತಿದ್ದುದನ್ನು ಮೊದಮೊದಲು ಅವರೂ ತಮ್ಮ ಪಥ್ಯದ ಗೆಲುವೆಂದೇ ತಿಳಿದಿದ್ದರಂತೆ. ನಾವು ಹೊಗಳುತ್ತಿದ್ದೆವಲ್ಲ. ಹೈದರಾಬಾದಿನ ಡಾಕ್ಟರು, ಈ ಮೈ ಔಷಧ ತಡೆದುಕೊಳ್ಳುವುದಿಲ್ಲ, ಆರು ಕಿಲೋ ಏರಿಸಿಕೊಂಡು ಬನ್ನಿ, ಆಮೇಲೆ ಶುರು ಮಾಡೋಣ ಅಂದರಂತೆ. ಕಲಬುರಗಿಯಲ್ಲಿ ಕೂತು ಉಂಡರೆ ಯಾರಾದರೂ ನೋಡುತ್ತಾರೆ. ಅದಕ್ಕೇ ತಂಗಿಯ ಊರು.

"ಹನ್ನೆರಡು ಮಂದಿಗಿ ಇಳಸೋದು ಕಲಿಸೀನ್ರಿ ಮೇಡಂ" ಎಂದರು. "ಏರಿಸೋದು ಹ್ಯಾಂಗಂತ ನನಗೇ ಗೊತ್ತಿಲ್ಲ."

"ಖಾನಾವಳ್ಯಾಗ ಕುಂತ್ರ ಹೆಂಗೋ ಉಣ್ತಿದ್ದ ರೀ" ಎಂದರು ಕಸ್ತೂರಿಬಾಯಿ, ನನ್ನ ಕಡೆ ನೋಡದೆ. "ಫೋಟೋ ಬಂದ ಮ್ಯಾಲ ಅಲ್ಲಿಗಿ ಹೋಗೋದು ಬಿಟ್ಟ. ಮನ್ಯಾಗ ನಾ ಮಾಡಿದ್ದು ಎರಡು ತುತ್ತು ಉಂಡು ಸಾಕಂತಾನ."

"ಏ, ಸುಮ್ಕಿರ ನೀ" ಎಂದರು ಸರ್.

ನಾನಿದ್ದಾಗಲೇ ತೂಕ ನೋಡಿದರು. ಗೋಡೆ ಹಿಡಿದು ಯಂತ್ರದ ಮೇಲೆ ನಿಂತರು. ಅಂಕಿ ಹಿಂದಿನ ದಿನಕ್ಕಿಂತ ತುಸು ಮೇಲಿತ್ತು. ನಾನು "ಏರ್ಯದ ಸರ್!" ಎಂದು ಚಪ್ಪಾಳೆ ತಟ್ಟಿದೆ. ಕಸ್ತೂರಿಬಾಯಿ ಬಂದು ಮೆಲ್ಲಗೆ ಹೇಳಿದರು: "ಅಣ್ಣಾ, ಕಿಸೇದಾಗಿನ ಫೋನ್ ತಗಿ. ಆ ಚಾವಿ ಗೊಂಚಲನೂ ತಗಿ." ತೆಗೆದರು. ಅಂಕಿ ಇಳಿಯಿತು. ಮೂವರೂ ಅದನ್ನು ನೋಡುತ್ತ ನಿಂತೆವು.

ಆಮೇಲೆ ನಡೆದ ಮಾತು ನನಗೆ ಚೆನ್ನಾಗಿ ನೆನಪಿದೆ. ನಾನು ಕ್ಷಮೆ ಕೇಳಿದೆ. "ಫೋಟೋ ಹಾಕಿದ್ದು ತಪ್ಪಲ್ರಿ, ನಾ ಕಲಿಸಿದ್ದೇ ಅದು" ಎಂದರು. ಗುಂಪಿನಲ್ಲಿ ನಿಜ ತಿಳಿಸುತ್ತೇನೆ ಎಂದೆ. ಅವರು ಕೈ ಅಲ್ಲಾಡಿಸಿದರು. "ಬ್ಯಾಡ್ರಿ. ತೂಕ ಇಳದವರೆಲ್ಲಾ ಹೆದರಿ ದವಾಖಾನಿಗಿ ಓಡ್ತಾರ. ವೀರಣ್ಣ ಅಂತೂ ಅವತ್ತೇ ರೊಟ್ಟಿ ಹಿಡೀತಾನ." ಇಬ್ಬರೂ ನಕ್ಕೆವು. ಅವರ ಹಲ್ಲು ಮುಖಕ್ಕಿಂತ ದೊಡ್ಡದಾಗಿ ಕಂಡಿತು.

ಇಷ್ಟು ಸ್ಪಷ್ಟವಾಗಿರುವುದು ಡೈರಿಯಲ್ಲಿ ಇರಬೇಕಲ್ಲ. ಆ ದಿನದ ಪುಟದಲ್ಲಿ ಇರುವುದು ಇಷ್ಟು: 'ಕಮಲಾಪುರಕ್ಕೆ ಹೋಗಿ ಬಂದೆ. ಶ. ಸರ್ ತುಂಬ ಸೊರಗಿದ್ದಾರೆ. ರಾತ್ರಿ ಪನೀರ್ ನೂರು ಗ್ರಾಂ, ಸೌತೆಕಾಯಿ ಒಂದು, ಮಜ್ಜಿಗೆ.' ನಾನು ತಿಂದದ್ದನ್ನು ಗ್ರಾಮಿನ ಸಮೇತ ಬರೆದಿದ್ದೇನೆ. ಅವರು ಆಡಿದ ಮಾತು ಒಂದೂ ಇಲ್ಲ.

ಆರು ಕಿಲೋ ಏರಲಿಲ್ಲ. ಮಳೆಗಾಲ ಮುಗಿಯುವ ಮುಂಚೆಯೇ ಹೋದರು. ಕಮಲಾಪುರದಲ್ಲಿ ತಂಗಿಯ ಹೊಲದಲ್ಲೇ ಮಣ್ಣು ಮಾಡಿದರು. ನಮಗೆ ತಿಳಿದದ್ದು ಮೂರು ದಿನ ತಡವಾಗಿ. ಮೈದಾನದಲ್ಲಿ ಎರಡು ನಿಮಿಷ ಮೌನವಾಗಿ ನಿಂತೆವು. ಮುಗಿದ ಕೂಡಲೇ ವೀರಣ್ಣ ಅಂದರು: "ಸಕ್ಕರಿ ರೋಗ ಇತ್ತಂತ ಕಾಣ್ತದ. ಮಂದಿಗಿ ಬುದ್ಧಿ ಹೇಳಿ ತಾ ಕದ್ದು ತಿಂದ್ರ ಮೈ ಬಿಡ್ತದೇನು?"

"ಬಿಚಾರಾ" ಎಂದಳು ನಸ್ರೀನ್. "ಬಾಯಿ ಕಟ್ಟಾಕ ಆಗಲಿಲ್ಲ."

ಎಲ್ಲರೂ ತಲೆ ಆಡಿಸಿದರು. ನಾನು ಷೂ ದಾರ ಬಿಚ್ಚಿ ಮತ್ತೆ ಕಟ್ಟಿಕೊಂಡೆ. ಹೇಳಬೇಡಿ ಎಂದು ಅವರೇ ಹೇಳಿದ್ದಾರಲ್ಲ ಅಂದುಕೊಂಡೆ. ಮಾತು ಕೊಟ್ಟವರ ಹಾಗೆ ಗಂಭೀರವಾಗಿ ಮನೆಗೆ ಬಂದೆ.

ಹೋದ ತಿಂಗಳು ಕಸ್ತೂರಿಬಾಯಿ ಮತ್ತೆ ಫೋನ್ ಮಾಡಿದ್ದರು. ಆರಾಮೇನ್ರಿ, ಆರಾಮ್ರಿ ಎಲ್ಲ ಆದ ಮೇಲೆ ಕೇಳಿದರು:

"ಮೇಡಂ, ಅಣ್ಣ ನಿಮಗ ಒಪ್ಪಿಸಿದ ಮಾತು ಆ ಮಂದಿಗಿ ಮುಟ್ಟಿಸಿದ್ರೇನ್ರಿ?"

"ಯಾವ ಮಾತ್ರಿ?"

"ಅದೇ ರೀ. ನಿಮ್ಮನ್ನ ಕರಸಿದ್ದೇ ಅದಕ್ಕಲ್ಲ? 'ನಾ ಕದ್ದು ತಿಂದಿಲ್ಲ, ಡಾಕ್ಟರ್ ತಿನ್ನಂದಿದ್ದಕ್ಕ ತಿಂದೀನಿ, ಇಷ್ಟು ಗುಂಪಿನಾಗ ಬರೀರಿ' ಅಂತ ನಿಮ್ಮ ಕೈ ಹಿಡದು ಹೇಳಿದ್ನಲ್ರಿ. ನಾ ಬಾಗಿಲದಾಗೇ ನಿಂತಿದ್ದೆ. ಕಡೀಕಡೀಕ ದಿನಾ ಕೇಳತಿದ್ದ. ಮೇಡಂ ಬರದಾರೇನು, ಮಂದಿ ಏನಂದ್ರು. ನಾ ಏನ್ ಹೇಳಲ್ರಿ? ಬರದಾರ, ಎಲ್ಲಾರೂ ಕೆಟ್ಟ ಅನಸ್ತು ಅಂದಾರ ಅಂತ ಸುಳ್ಳು ಹೇಳತಿದ್ದೆ."

ಸರ್ ನನ್ನ ಕೈ ಹಿಡಿದದ್ದು ನನಗೆ ನೆನಪಿಲ್ಲ. ಎಷ್ಟು ಹುಡುಕಿದರೂ ಸಿಗುವುದು ಆ ನಗು, ಆ ವೀರಣ್ಣನ ಮಾತು. ನಾನು ಬದುಕಬೇಕಲ್ಲ ಎಂದು ನಾನೇ ಕಟ್ಟಿಕೊಂಡೆನೇ ಅದನ್ನು? ಅಥವಾ ಅಣ್ಣನನ್ನು ಕಳೆದುಕೊಂಡ ಈ ಹೆಣ್ಣುಮಗಳು ಕಟ್ಟಿಕೊಂಡಿದ್ದಾರೆಯೇ? ಇಬ್ಬರಲ್ಲಿ ಸುಳ್ಳಿನ ಲಾಭ ಯಾರಿಗೆ ಎಂದು ವಿದ್ಯಾರ್ಥಿಗಳನ್ನು ಕೇಳಿದರೆ ಅವರು ತಟ್ಟನೆ ಉತ್ತರ ಹೇಳಿಯಾರು.

"ಮೇಡಂ? ಹೇಳಿದ್ರೇನ್ರಿ?"

"ಹೇಳೀನ್ರಿ" ಎಂದೆ.

"ಏನಂದ್ರು?"

"ಭಾಳ ಕೆಟ್ಟ ಅನಸ್ತು ಅಂದ್ರು."

ಅವರು ಉಸಿರು ಬಿಟ್ಟದ್ದು ಕೇಳಿಸಿತು. "ಹಂಗಾದ್ರ ನಾ ಹೇಳಿದ್ದು ಸುಳ್ಳಾಗಲಿಲ್ಲ ಬಿಡ್ರಿ. ನಾಳಿ ಅಮಾಸಿ. ಹೊಲಕ್ಕ ಅಣ್ಣಗ ಎಡಿ ಒಯ್ಯೋದದ. ಹೇಳ್ತೀನ್ರಿ ಅವಂಗ."