ಒಡಪಿನ ಎರಡನೇ ಸಾಲು

ಕಲಬುರ್ಗಿ ಸ್ಟೇಶನ್ ಬಜಾರದ ವಕೀಲ ದೌಲಪ್ಪನವರ ಬಳಿ ಕಕ್ಷಿದಾರರಿಗಿಂತ ಟೋಪಿಗಳು ಹೆಚ್ಚಿದ್ದವು. ನಿಜಾಮರ ಕಾಲದಲ್ಲಿ ಕೆಂಪು ರೂಮಿ ಟೋಪಿ. ಪೊಲೀಸ್ ಆಕ್ಷನ್ ಮುಗಿದ ವಾರವೇ ಅದು ಟ್ರಂಕಿಗಿಳಿದು ಬಿಳಿ ಟೋಪಿ ತಲೆಗೇರಿತು. ಐವತ್ತೆರಡರಲ್ಲಿ ಮೊದಲ ಚುನಾವಣೆ ಬಂದಾಗ ಆ ಟೋಪಿಯ ಕೆಳಗೊಂದು ವಿಚಾರ ಮೂಡಿತು: ತಾವು ಶಾಸಕರಾಗದೆ ಹೈದರಾಬಾದ್ ರಾಜ್ಯಕ್ಕೆ ಗತಿಯಿಲ್ಲ.

ಹುಟ್ಟೂರು ಕಮಲಾಪುರದಲ್ಲಿ ತಕ್ಕಡಿ ಗುರುತಿನ ಮೇಲೆ ನಿಂತರು. ಅವರ ಭಾಷಣ ಅರ್ಧ ಉರ್ದು, ಅರ್ಧ ಸಂಸ್ಕೃತ. ನಡುವೆ ಬರುವ ಕೆಮ್ಮು ಮಾತ್ರ ಎಲ್ಲರಿಗೂ ತಿಳಿಯುತ್ತಿತ್ತು. ಎದುರಾಳಿ ಬಾಳೆತೋಟದ ಸಾಯಬಣ್ಣ. ಗಂಡಸರ ವೋಟು ಇಬ್ಬರಿಗೂ ಸರಿಪಾಲಾಗುವ ಲಕ್ಷಣವಿತ್ತು. ಹೆಂಗಸರು ಕೈಹಿಡಿದರೆ ಗೆಲುವು, ಇಲ್ಲದಿದ್ದರೆ ಮತ್ತೆ ಸ್ಟೇಶನ್ ಬಜಾರ.

"ಮನಿಮನಿಗೆ ಹೋಗು. 'ದೌಲಪ್ಪಗ ವೋಟ್ ಹಾಕ್ರಿ' ಅನ್ನು," ಎಂದರು ಹೆಂಡತಿ ಲಲಿತಾಬಾಯಿಗೆ.

"ಏ ಶಿವನೇ! ಗಂಡನ ಹೆಸರು ಬಾಯಿಲೆ ಅಂದ್ರ ಅವರ ಆಯುಷ್ಯ ಕಮ್ಮಿ ಆಗ್ತದಂತ್ರೀ."

"ಮದುವ್ಯಾಗ ಹೇಳಿದ್ದಿಯಲ್ಲಾ?"

"ಅದು ಒಡಪಿನಾಗ್ರೀ. ಹಾಡಿನಾಗ ಮಡಚಿ ಹೇಳಿದ್ರ ದೋಷಿಲ್ಲ. ಈಗೂ ಒಂದು ಕಟ್ಟಲೇನು?"

"ಒಡಪು ಹಾಕಿ ಇಲೆಕ್ಷನ್ ಗೆಲ್ಲೂದೇನು? ಜನ ನಗ್ತಾರ!"

ಮತದಾನದ ದಿನ ಕಮಲಾಪುರದ ಶಾಲೆಯೊಳಗೆ ದೌಲಪ್ಪನವರು ಸ್ವಂತ ಕುರ್ಚಿ ತರಿಸಿ ಕೂತಿದ್ದರು. ಮತಗಟ್ಟೆಯ ಅಧಿಕಾರಿ ಕರೀಂಸಾಬ್ ಹೆಂಗಸರ ಸಾಲಿನಲ್ಲಿ ಮೊದಲಿದ್ದ ಗುಂಡಮ್ಮನನ್ನು ಕೇಳಿದ, "ಗಂಡನ ಹೆಸರೇನವ್ವಾ?"

"ಅವರದೇರೀ."

"ಅವರದಂದ್ರ ಯಾರದು?"

"ಹೊರಗ ಬೀಡಿ ಸೇದಲಕತ್ತಾರಲ್ರೀ, ಅವರದು."

ಪಟ್ಟಿಗೆ ಗಂಡನ ಹೆಸರು ತಾಳೆಯಾಗದೆ ವೋಟಿಲ್ಲ ಎಂದ ಕರೀಂಸಾಬ್. ಗುಂಡಮ್ಮ ಸೆರಗು ಸರಿಪಡಿಸಿಕೊಂಡು ಮನೆಯ ದಾರಿ ಹಿಡಿದಳು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ತಮ್ಮ ವಿಧಾನಸಭೆಯ ಆಸನವೇ ಸೆರಗು ಹೊದ್ದು ಹೊರಟಂತೆ ಕಂಡು ದೌಲಪ್ಪನವರು ಟೋಪಿ ಹಿಡಿದುಕೊಂಡು ಸಾಲಿನ ತುದಿಯಲ್ಲಿ ನಿಂತಿದ್ದ ಹೆಂಡತಿಯ ಬಳಿಗೆ ಓಡಿದರು.

"ಲಲಿತಾ, ಒಡಪು ಹಾಕು!"

"ಜನ ನಗ್ತಾರಂದಿದ್ರಿ?"

"ನಗಲಿ. ಹಾಕು, ತಾಯಿ!"

ಲಲಿತಾಬಾಯಿ ಒಳಗೆ ಹೋಗಿ ಅಧಿಕಾರಿಯ ಮುಂದೆ ನಿಂತು, ಕಣ್ಣು ಮುಚ್ಚಿ ಹೇಳಿದಳು:

"ಕಮಲಾಪುರದ ತೋಟದಾಗ ಕೆಂಪು ಬಾಳಿ ಗೊನಿ,
ಭಾಷಣಕ್ಕ ನಿಂತರಂದ್ರ ಮರೀತಾರ ಮನಿ,
ದೌಲಪ್ಪನವರ ಹೆಸರು ಹೇಳೀನಿ, ಏರಿಸಿ ನನ್ನ ದನಿ."

ಹೊರಟಿದ್ದ ಹೆಂಗಸರು ನಗುತ್ತ ತಿರುಗಿ ಬಂದರು. ಸಾಯಬಣ್ಣನ ಏಜೆಂಟ್ ನಾಗಣ್ಣ ಹಾರಿ ಎದ್ದ. "ಮತಗಟ್ಟಿ ಒಳಗ ಅಭ್ಯರ್ಥಿ ಹೆಸರು! ಇದು ಪ್ರಚಾರ! ರದ್ದ್ ಮಾಡ್ರಿ!"

ದೌಲಪ್ಪನವರು ಟೋಪಿ ತೆಗೆದು ಕೈಯಲ್ಲಿ ಹಿಡಿದರು. ಎಷ್ಟಾದರೂ ವಕೀಲರು, ನಾಗಣ್ಣನ ಮಾತಿನಲ್ಲಿ ಕಾಯಿದೆ ಇದೆಯೆಂದು ಅವರಿಗೇ ಅನಿಸಿತು.

ಕರೀಂಸಾಬ್ ಗಡ್ಡ ಕೆರೆದುಕೊಂಡ. "ನಾಗಣ್ಣಾ, ಗಂಡನ ಹೆಸರು ಕೇಳಿದವ ನಾನು. ಆಕಿ ಹೇಳ್ಯಾಳ. ಗಂಡ ಇಲೆಕ್ಷನ್‌ಗೆ ನಿಂತದ್ದು ಆಕಿ ಕಸೂರೇನು? ಮತ್ತ ಆ ಎರಡನೇ ಸಾಲು ಅದಲ್ಲಾ, ಅದಂತೂ ಪ್ರಚಾರ ಅಲ್ಲ ಬಿಡು."

ಆಮೇಲೆ ಶಾಲೆ ಮದುವೆಮನೆಯಾಯಿತು. ಗುಂಡಮ್ಮ ತನ್ನ ಬೀಡಿಯ ಮಾಪಣ್ಣನನ್ನು ಎತ್ತು-ಬಂಡಿ ಸಮೇತ ಒಡಪಿಗೆ ಹೂಡಿದಳು. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಅವರವರ ಗುರುತಿನ ಬೇರೆ ಬೇರೆ ಪೆಟ್ಟಿಗೆ. ಒಬ್ಬೊಬ್ಬಳೂ ಹೆಸರು ಹೇಳಿ, ನಕ್ಕು, ಲಲಿತಾಬಾಯಿಯ ಗಂಡನ ಪೆಟ್ಟಿಗೆ ಯಾವುದೆಂದು ತಕ್ಕಡಿ ಹುಡುಕಿಕೊಂಡು ಹೋದಳು.

ದೌಲಪ್ಪನವರು ಗೆದ್ದರು. ನಾಲ್ಕು ವರ್ಷಕ್ಕೆ ಹೈದರಾಬಾದ್ ರಾಜ್ಯವೇ ಇಲ್ಲವಾಯಿತು. ದೌಲಪ್ಪನವರು ಮಾತ್ರ ಬೆಂಗಳೂರಿನ ವಿಧಾನಸಭೆಗೆ ಹೋಗಿ ಕೂತರು, ಬಹಳ ಕಾಲ ಏಳಲಿಲ್ಲ. ಗೆದ್ದದ್ದು ತಮ್ಮ ಭಾಷಣಗಳಿಂದ ಎಂದು ಕೊನೆವರೆಗೂ ನಂಬಿದ್ದರು. ಕಮಲಾಪುರದಲ್ಲಿ ಅವರು ಮೈಕಿನ ಮುಂದೆ ನಿಂತರೆ ಸಾಕು, ಹೆಂಗಸರ ಕಡೆಯಿಂದ ಎರಡನೇ ಸಾಲು ತೇಲಿ ಬರುತ್ತಿತ್ತು. ಭಾಷಣ ಬೇಗ ಮುಗಿಯುತ್ತಿತ್ತು.

ಮೊದಲ ಸಲ ಗೆದ್ದು ಬಂದ ಸಂಜೆ ಹಾರ ತೆಗೆಯದೆಯೇ ಅವರು ಹೆಂಡತಿಯನ್ನು ಕೇಳಿದ್ದರು, "ಇನ್ನೊಮ್ಮೆ ಹೇಳು ಆ ಒಡಪು. ನಡುವಿನ ಸಾಲು ಬಿಟ್ಟು."

"ಅದು ಬಿಟ್ಟರ," ಎಂದಳು ಲಲಿತಾಬಾಯಿ, "ನಿಮ್ಮ ಹೆಸರು ನಾಲಿಗಿ ಮ್ಯಾಲ ಬರಂಗೇ ಇಲ್ರೀ."