ಕಾರಣ: ಸಿನಿಮಾ

ನಾವು ಕೆಲಸ ಮಾಡುವ ಆಸ್ಪತ್ರೆ ಲಾಂಡ್ರಿಯಲ್ಲಿ ರಜೆ ಬೇಕಾದವರು ಗೋಡೆಗೆ ತೂಗುಹಾಕಿದ ಹಾಳೆಯಲ್ಲಿ ಮೊದಲೇ ಬರೆಯಬೇಕು. ಹೆಸರು, ದಿನ, ಕಾರಣ. ಕಾರಣದ ಖಾನೆಯಲ್ಲಿ ಎಲ್ಲರೂ ಬರೆಯುವುದು ಮೂರೇ ಮೂರು: ಕಾಯಿಲೆ, ಮದುವೆ, ಸಾವು. ಹದಿನಾರು ವರ್ಷ ಆ ಖಾನೆಯಲ್ಲಿ 'ಸಿನಿಮಾ' ಎಂದು ಬರೆದವಳು ಒಬ್ಬಳೇ. ಅವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ಒಡಹುಟ್ಟಿದವಳಲ್ಲ. ಈ ಪರದೇಶದ ಲಾಂಡ್ರಿಯಲ್ಲಿ ನನ್ನ ಭಾಷೆ ಆಡುವವಳು ಅವಳೊಬ್ಬಳೇ, ನನಗಿಂತ ಒಂಬತ್ತು ವರ್ಷ ದೊಡ್ಡವಳು; ಅಷ್ಟು ಸಾಕಾಗಿತ್ತು. ಅವಳು ತೀರಿಕೊಂಡು ಇವತ್ತಿಗೆ ನಲವತ್ತು ದಿನ.

ನಮ್ಮಿಬ್ಬರದು ಬೆಡ್‌ಶೀಟ್ ಮಡಚುವ ಕೆಲಸ. ಇಸ್ತ್ರಿ ಯಂತ್ರದ ಬಿಸಿ ಉರುಳೆಗಳ ನಡುವಿನಿಂದ ಬೆಡ್‌ಶೀಟ್ ಹೊರಬರುತ್ತದೆ. ಎರಡು ಮೂಲೆ ಅವಳು ಹಿಡಿಯಬೇಕು, ಎರಡು ನಾನು. ಹಿಂದಕ್ಕೆ ಸರಿದು ಬಿಗಿಯಾಗಿ ಎಳೆದು, ಉದ್ದಕ್ಕೆ ಮಡಚಿ, ಎದುರುಬದುರು ನಡೆದು ಬಂದು ಮೂಲೆಗೆ ಮೂಲೆ ಸೇರಿಸಬೇಕು. ಯಂತ್ರದ ಸದ್ದಿನಲ್ಲಿ ದೂರದಿಂದ ಕೂಗಿದರೂ ಕೇಳುವುದಿಲ್ಲ. ಮೂಲೆ ಸೇರಿಸುವ ಆ ಗಳಿಗೆಯಲ್ಲಿ ಒಂದು ಮಾತು ಆಡಬಹುದು, ಅಷ್ಟೇ. ಹೀಗಾಗಿ ಅಕ್ಕ ನೋಡಿದ ಸಿನಿಮಾಗಳೆಲ್ಲ ನನಗೆ ಸಿಕ್ಕಿದ್ದು ಒಂದು ಬೆಡ್‌ಶೀಟಿಗೆ ಒಂದು ವಾಕ್ಯದ ಲೆಕ್ಕದಲ್ಲಿ.

"ಮುದುಕ ದೋಣೀಲಿ ಕೂತಿದ್ದಾನೆ."

ಬೆಡ್‌ಶೀಟ್.

"ಮಗ ದಡದ ಮೇಲಿದ್ದಾನೆ."

ಬೆಡ್‌ಶೀಟ್.

"ಇಬ್ಬರಿಗೂ ಮಾತಿಲ್ಲ."

ಒಂದು ಸಿನಿಮಾ ಮುಗಿಯಲು ಮೂರು ನಾಲ್ಕು ದಿನ ಹಿಡಿಯುತ್ತಿತ್ತು. ಒಳ್ಳೆಯ ಜಾಗಕ್ಕೆ ಬರುವಾಗಲೇ ಊಟದ ಗಂಟೆ ಹೊಡೆಯುತ್ತಿತ್ತು. ಅವಳು ಬೇಕೆಂದೇ ಹಾಗೆ ಮಾಡುತ್ತಿದ್ದಳು ಎಂದು ನನ್ನ ಗುಮಾನಿ.

ಈ ಊರಿನಲ್ಲಿ ವರ್ಷಕ್ಕೊಮ್ಮೆ ಎಂಟು ದಿನ ವಿದೇಶಿ ಚಿತ್ರೋತ್ಸವ ನಡೆಯುತ್ತದೆ. ಹಳೆಯ ಟಾಕೀಸು, ಎದ್ದ ಕೂಡಲೇ ತಾನಾಗಿ ಮಡಚಿಕೊಳ್ಳುವ ಕುರ್ಚಿಗಳು. ಚಿತ್ರಗಳ ಪಟ್ಟಿಯ ಪುಸ್ತಿಕೆ ಕೈಗೆ ಬಂದ ದಿನದಿಂದ ಅದು ಅಕ್ಕನ ಏಪ್ರನ್ ಜೇಬಿನಲ್ಲಿರುತ್ತಿತ್ತು, ಸೋಪಿನ ಪುಡಿಯ ವಾಸನೆ ಹತ್ತಿ, ಅಂಚು ಸುರುಳಿ ಸುತ್ತಿ. ಅವಳ ಪಾಲಿಗೆ ವರ್ಷ ಎಂದರೆ ಆ ಎಂಟು ದಿನ. ಮಿಕ್ಕಿದ್ದು ಅದರ ದಾರಿ ಕಾಯುವುದು. ಅವಳ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ನನಗೆ ಭಾವ.

"ಗೊತ್ತಿಲ್ಲದ ಭಾಷೆ ಸಿನಿಮಾನ ಪರದೆ ಕೆಳಗಿನ ಅರ್ಧಂಬರ್ಧ ಗೊತ್ತಿರೋ ಅಕ್ಷರ ಓದ್ಕೊಂಡು ನೋಡ್ತಾಳೆ ನಿಮ್ಮಕ್ಕ," ಎಂದು ಭಾವ ನನ್ನ ಮುಂದೆ ದೂರು ಹೇಳುತ್ತಿದ್ದರು. "ಏನು ಅರ್ಥ ಆಗುತ್ತೋ ದೇವರಿಗೇ ಗೊತ್ತು."

"ನಿಮ್ಮ ಜೊತೆ ಇಪ್ಪತ್ತೆರಡು ವರ್ಷ ಸಂಸಾರ ಮಾಡಿಲ್ವಾ? ಅದೇನು ಅರ್ಥ ಆಗಿ ಮಾಡಿದ್ನಾ?" ಎನ್ನುವಳು ಅಕ್ಕ.

ನಮ್ಮ ಸೂಪರ್‌ವೈಸರಿಗೆ ನಾವಿಟ್ಟ ಹೆಸರು ಗಡಿಯಾರ. ಕೆಟ್ಟವನಲ್ಲ. ಎಲ್ಲದರಲ್ಲೂ ಸರಿಯಾಗಿರುವವನು, ಅದೇ ಕಷ್ಟ. ಪ್ರತಿ ವರ್ಷ ಹಾಳೆ ಹಿಡಿದು ಬಂದು ಇಲ್ಲಿಯ ಭಾಷೆಯಲ್ಲಿ ಅದೇ ಮಾತು ಹೇಳುತ್ತಿದ್ದ.

"ಇದು ಕಾರಣ ಅಲ್ಲ. ಕಾಯಿಲೆ ಅಂತ ಬರಿ, ಸಹಿ ಹಾಕ್ತೀನಿ."

"ಕಾಯಿಲೆ ಬಂದಾಗ ಕಾಯಿಲೆ ಅಂತ ಬರೀತೀನಿ."

"ಮೇಲಿನವರು ನನ್ನ ಕೇಳ್ತಾರೆ."

"ಯಾವ ಸಿನಿಮಾ ಅಂತ ನನ್ನ ಕೇಳೋಕೆ ಹೇಳಿ."

ಕೆಲವು ವರ್ಷ ಸಹಿ ಬೀಳುತ್ತಿತ್ತು, ಕೆಲವು ವರ್ಷ ಇಲ್ಲ. ಬೀಳದ ವರ್ಷ ಪಾಳಿ ಮುಗಿಸಿ, ಊದಿದ ಕಾಲಿನಲ್ಲೇ ಸಂಜೆಯ ಆಟಕ್ಕೆ ಓಡುತ್ತಿದ್ದಳು. ಮರುವರ್ಷ ಅದೇ ಖಾನೆಯಲ್ಲಿ ಅದೇ ಪದ, ಸ್ವಲ್ಪ ದಪ್ಪ ಅಕ್ಷರದಲ್ಲಿ.

ಒಮ್ಮೆ ಊಟದ ಕೋಣೆಯ ಟೀವಿಯಲ್ಲಿ ಆ ದೋಣಿಯ ಮುದುಕನ ಸಿನಿಮಾ ಬಂತು. ಅಕ್ಕ ಹೇಳಿದ ಕತೆಯಲ್ಲಿ ಅವನು ದೋಣಿಯನ್ನು ಮಗನಿಗೆ ಕೊಡದೆ ನೀರಿಗಿಳಿಸಿ ಒಬ್ಬನೇ ಹೊರಟುಹೋಗಿದ್ದ. ಟೀವಿಯಲ್ಲಿ ಮಾತ್ರ ಅದನ್ನು ಮಾರಿ ಮಗನ ಮನೆಯ ಮೂಲೆಯಲ್ಲಿ ಕೂತ. ಮರುದಿನ ಮೂಲೆ ಸೇರಿಸುವಾಗ ಕೇಳಿದೆ.

"ಸುಳ್ಳು ಹೇಳಿದ್ಯಲ್ಲ."

ಬೆಡ್‌ಶೀಟ್ ಹಿಡಿದು ದೂರ ಹೋಗಿ ಮತ್ತೆ ಬಂದಳು. "ಅಕ್ಷರ ಓಡ್ತಾ ಇರುತ್ತೆ ಕಣೆ. ಅದರ ಹಿಂದೆ ನಾನೂ ಓಡೋಕಾಗುತ್ತಾ?"

ಇನ್ನೊಂದು ಬೆಡ್‌ಶೀಟ್. "ಅರ್ಧ ಅವರದು, ಅರ್ಧ ನಂದು. ನಂದೇ ಚೆನ್ನಾಗಿತ್ತು."

ಮತ್ತೊಂದು. "ಸುಳ್ಳು ಅಂದ್ರೆ ಅಲ್ಲಿ ಗೋಡೆ ಮೇಲೆ ನೀನು ಬರೀತೀಯಲ್ಲ, ಅದು. ನಿಮ್ಮಜ್ಜಿ ಎಷ್ಟು ಸಲ ಸತ್ತಳು ಇಲ್ಲೀತನಕ?"

ನಾಲ್ಕು ಸಲ.

ಈ ವರ್ಷ ಪುಸ್ತಿಕೆ ಬರುವ ಹೊತ್ತಿಗೆ ಅವಳಿಗೆ ರಕ್ತದ ಕಾಯಿಲೆ ಎಂದು ತಿಳಿದು ಐದು ತಿಂಗಳಾಗಿತ್ತು. ಮನೆಯಲ್ಲಿರು ಎಂದರೆ ಕೇಳಲಿಲ್ಲ, ಅರ್ಧ ಪಾಳಿಗೆ ಬರುತ್ತಿದ್ದಳು. ಒಂದು ಬೆಳಿಗ್ಗೆ ಮೂಲೆ ಸೇರಿಸುವಾಗ ಅವಳ ಮುಖದಲ್ಲಿ ಏನೋ ಹೊಳಪಿತ್ತು.

"ನಮ್ಮದು ಬಂದಿದೆ."

ಬೆಡ್‌ಶೀಟ್.

"ನಮ್ಮ ಭಾಷೆ ಸಿನಿಮಾ. ಒಂದೇ ಆಟ. ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ."

ಬೆಡ್‌ಶೀಟ್.

"ಈ ಸಲ ಇಲ್ಲಿಯವರು ಓದಲಿ. ನಾನು ನೋಡ್ತೀನಿ."

ಹದಿನಾರು ವರ್ಷ ಪರದೆಯ ಕೆಳಗಿನ ಸಾಲಿನಲ್ಲಿ ಕಣ್ಣು ನೆಟ್ಟು, ನಟರ ಮುಖ ಅರ್ಧ ಕಳೆದುಕೊಂಡವಳಿಗೆ ಇದು ಎಷ್ಟು ದೊಡ್ಡದೆಂದು ಆಗ ತಿಳಿಯಿತು. ಅವತ್ತೇ ಹೋಗಿ ಎರಡು ಟಿಕೆಟ್ ತಂದಳು, ಎರಡನೆಯದು ನನಗೆ. ಹಾಳೆಯಲ್ಲಿ ಅವಳು 'ಸಿನಿಮಾ' ಎಂದು ಬರೆದಳು. ಅದರ ಕೆಳಗೆ ನಾನು 'ಮದುವೆ' ಎಂದು ಬರೆದೆ.

"ಯಾರದು?" ಎಂದಳು.

"ಯಾರದೋ."

"ಊಟ ಚೆನ್ನಾಗಿದ್ರೆ ಹೇಳು."

ಗಡಿಯಾರ ಬಂದ. ನನ್ನ ಮದುವೆಗೆ ತಕ್ಷಣ ಸಹಿ ಬಿತ್ತು. ಅವಳ ಕಡೆ ತಿರುಗಿ ದನಿ ತಗ್ಗಿಸಿದ. "ನಿನಗೆ ಕಾಯಿಲೆ ರಜೆ ಬೇಕಾದಷ್ಟಿದೆ. ಈ ಸಲವಾದ್ರೂ ಹಾಗೆ ಬರಿ. ಸುಳ್ಳೂ ಆಗಲ್ಲ."

"ಆಗುತ್ತೆ. ಆ ದಿನ ನನಗೆ ಕಾಯಿಲೆ ಇರಲ್ಲ," ಎಂದಳು ಅಕ್ಕ. "ಸಿನಿಮಾ ಇರುತ್ತೆ."

ಅವನು ಸಹಿ ಹಾಕಿ ಹೋದ.

ಎರಡು ವಾರ ಕಳೆಯುವಷ್ಟರಲ್ಲಿ ಅವಳನ್ನು ನಮ್ಮದೇ ಆಸ್ಪತ್ರೆಯ ಮೂರನೆಯ ಮಹಡಿಗೆ ಸೇರಿಸಿದರು. ನೋಡಲು ಹೋದರೆ ಮಾತಿಗೆ ಮೊದಲು ಕಾಲ ಬಳಿ ಇಟ್ಟಿದ್ದ ಬೆಡ್‌ಶೀಟ್ ತೋರಿಸಿದಳು. "ಯಾರು ಮಡಚಿದ್ದು ಇದು? ಮೂಲೆ ಓರೆಯಾಗಿದೆ."

"ನಾನೂ, ನಿನ್ನ ಜಾಗದಲ್ಲಿ ನಿಂತಿರೋ ಹೊಸಬಳೂ."

"ಹೊಸಬಳಿಗೆ ಎಳೆಯೋಕೆ ಹೇಳಿಕೊಡು. ಮೆತ್ತಗೆ ಹಿಡಿದ್ರೆ ಹೀಗೇ." ಉಸಿರು ತೆಗೆದುಕೊಂಡು, "ನಾನು ಬರೋಕಾಗದಿದ್ರೆ ನನ್ನ ಟಿಕೆಟ್ ನಿಮ್ಮ ಭಾವನಿಗೆ ಕೊಡಬೇಡ. ನಿದ್ದೆ ಮಾಡ್ತಾರೆ," ಎಂದಳು. ಭಾವ ಅಲ್ಲೇ ಕಿಟಕಿಯ ಬಳಿ ಬೆನ್ನು ಮಾಡಿ ನಿಂತಿದ್ದರು.

"ಬರ್ತೀಯ," ಎಂದೆ.

"ಬಂದ್ರೆ ಸರಿ. ಇಲ್ಲದಿದ್ರೆ ನೀನು ನೋಡು. ಕೆಳಗಿನ ಸಾಲು ಒಂದಕ್ಷರನೂ ಓದಬೇಡ."

ಆ ಮಂಗಳವಾರಕ್ಕೆ ಹನ್ನೊಂದು ದಿನ ಇರುವಾಗ ಹೋದಳು.

ಕೆಲಸಕ್ಕೆ ಮರಳಿದ ದಿನ ಗಡಿಯಾರ ನನ್ನನ್ನು ಹಾಳೆಯ ಬಳಿ ಕರೆದ. ಅವಳ ಹೆಸರನ್ನು ಇನ್ನೂ ಹೊಡೆದುಹಾಕಿರಲಿಲ್ಲ.

"ಅವಳನ್ನ ನೀನು ಏನೋ ಅಂತ ಕರೀತಿದ್ಯಲ್ಲ, ಅದರರ್ಥ ನನಗೆ ಗೊತ್ತು. ಸಾವು ಅಂತ ಬರಿ, ಅಕ್ಕ ಅಂತ ಬರಿ. ಮೂರು ದಿನ ಕೊಡ್ತೀನಿ. ಯಾರೂ ವಿಚಾರಿಸಲ್ಲ."

ಅವನ ಒಳ್ಳೆಯತನಕ್ಕೆ ಕಣ್ಣು ತುಂಬಿತು. ಆದರೆ ಆ ಖಾನೆಯಲ್ಲಿ ಅಜ್ಜಿಯನ್ನು ನಾಲ್ಕು ಸಲ ಕೊಂದ ಕೈಯಿಂದ ಅಕ್ಕನ ಸಾವನ್ನು ಬರೆಯಲಾರದೆ ಹೋದೆ. ಪೆನ್ನು ತೆಗೆದು 'ಮದುವೆ'ಯನ್ನು ಹೊಡೆದುಹಾಕಿ ಪಕ್ಕದಲ್ಲಿ 'ಸಿನಿಮಾ' ಎಂದು ಬರೆದೆ.

"ಹಾಗಾದ್ರೆ ನನ್ನ ಸಹಿಗೆ ಬೆಲೆ ಇಲ್ಲ," ಎಂದ. "ನಾನು ಮದುವೆಗೆ ಹಾಕಿದ್ದು. ಮೇಲಿನವರು ಕೇಳಿದ್ರೆ?"

"ಯಾವ ಸಿನಿಮಾ ಅಂತ ನನ್ನ ಕೇಳೋಕೆ ಹೇಳಿ."

ಅವನು ಸಹಿಯನ್ನು ಹೊಡೆದುಹಾಕಿದ. ಮಂಗಳವಾರ ನಾನು ಹೋದೆ. ಆಮೇಲೆ ಬಂದ ಎಚ್ಚರಿಕೆಯ ಪತ್ರವನ್ನು ಅಕ್ಕನ ಪುಸ್ತಿಕೆಯೊಳಗೆ ಇಟ್ಟಿದ್ದೇನೆ.

ಟಾಕೀಸಿನಲ್ಲಿ ಪಕ್ಕದ ಕುರ್ಚಿ ಭಾರವಿಲ್ಲದೆ ಪದೇ ಪದೇ ಮಡಚಿಕೊಳ್ಳುತ್ತಿತ್ತು. ಕೊನೆಗೆ ಅದರ ಮೇಲೆ ನನ್ನ ಚೀಲ, ಕೋಟು, ಊಟದ ಡಬ್ಬಿ ಎಲ್ಲ ಹೇರಿ ಕೂರಿಸಿದೆ. ಸಿನಿಮಾದ್ದು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೆಸರು ಹೇಳುವ ಹೆಂಗಸಿನ ಕತೆ. ಅವಳ ಜಾಗಕ್ಕೆ ರೆಕಾರ್ಡು ಮಾಡಿದ ದನಿ ಬರುತ್ತದೆ. ಒಂದು ಕಡೆ ಅವಳು ಡ್ರೈವರನಿಗೆ, "ನಿನ್ನ ಬಸ್ಸು ಬರೋದೂ ಒಂದೇ, ಹುಣ್ಣಿಮೆ ಬರೋದೂ ಒಂದೇ," ಎನ್ನುತ್ತಾಳೆ. ಕೆಳಗಿನ ಅಕ್ಷರದಲ್ಲಿ ಏನಿತ್ತೋ, ಇಡೀ ಹಾಲಿನಲ್ಲಿ ನಕ್ಕವಳು ನಾನೊಬ್ಬಳೇ. ಮುಂದಿನ ಸಾಲಿನವರು ತಿರುಗಿ ನೋಡಿದರು. ಅಕ್ಕನ ಪಾಲಿನದೂ ಸೇರಿಸಿ ಇನ್ನೊಮ್ಮೆ ನಕ್ಕೆ.

ಮರುದಿನ ಯಂತ್ರದ ಮುಂದೆ ಹೊಸಬಳಿಗೆ ಇಲ್ಲಿಯ ಭಾಷೆಯಲ್ಲಿ ಕತೆ ಶುರುಮಾಡಿದೆ. ಶುಕ್ರವಾರದ ಹೊತ್ತಿಗೆ ಕೊನೆಗೆ ಬಂದೆವು. ಈಗ ಅವಳು ಗಟ್ಟಿಯಾಗಿ ಎಳೆಯುತ್ತಾಳೆ.

"ಮೈಕು ಕಿತ್ತುಕೊಂಡ್ರು. ಅವಳು ಮನೆಗೆ ಹೋಗಿ ಬಾಗಿಲು ಹಾಕ್ಕೊಂಡಳು," ಎಂದೆ. ಸಿನಿಮಾ ಅಲ್ಲಿಗೆ ಮುಗಿದಿತ್ತು.

ಹೊಸಬಳು ಮೂಲೆ ಕೊಡುತ್ತ, "ಅಷ್ಟೇನಾ?" ಎಂದಳು.

ನಾನು ಬೆಡ್‌ಶೀಟ್ ಹಿಡಿದು ಹಿಂದಕ್ಕೆ ಸರಿದೆ, ಎಳೆದೆ, ಮತ್ತೆ ನಡೆದು ಬಂದೆ.

"ಇಲ್ಲ. ಮರುದಿನ ಬೆಳಿಗ್ಗೆ ನಿಲ್ದಾಣದ ಮಧ್ಯಕ್ಕೆ ಬಂದು ನಿಂತಳು."

ಬೆಡ್‌ಶೀಟ್.

"ಮೈಕಿಲ್ಲ."

ಬೆಡ್‌ಶೀಟ್.

"ಬರೀ ಗಂಟಲಲ್ಲೇ ಕೂಗೋಕೆ ಶುರುಮಾಡಿದಳು."