ಆರುನೂರು ಚೀಲದ ತೂತು ಮತ್ತು ಡಾ. ರೋಹಿಣಿ ತುಳಸಿಗೇರಿ

ತಿನಿಸಿನ ಚೀಲವೆಂದರೆ ಬರೀ ಮೇಲಿನ ಹೊದಿಕೆ, ಅದಕ್ಕೂ ಒಂದು ವಿದ್ಯೆ ಬೇಕೇ ಎಂದು ತಿಳಿದವರೇ ಮೂಗು ಮುರಿಯುತ್ತಿದ್ದ ಕಾಲದಲ್ಲಿ, ಚೀಲವೂ ದುಡಿಯಬಲ್ಲದು, ಒಳಗಿನದನ್ನು ಕಾಯಬಲ್ಲದು ಎಂದು ಬಾಗಲಕೋಟೆ ಜಿಲ್ಲೆಯ ಊರೂರಿಗೆ ಹೋಗಿ ತೋರಿಸಿದವರು ಡಾ. ರೋಹಿಣಿ ತುಳಸಿಗೇರಿಯವರು. ತೇವ ಹೀರುವ ಪುಡಿಕೆ, ಆಮ್ಲಜನಕ ಹೀರುವ ಪುಡಿಕೆ, ಒಳಗೆ ಗಾಳಿ ಸೇರಿದರೆ ಬಣ್ಣ ಬದಲಿಸಿ ಹೇಳುವ ಬಿಲ್ಲೆ, ಇವನ್ನೆಲ್ಲ ಪ್ರಯೋಗಾಲಯದ ಕಪಾಟಿನಿಂದ ಇಳಿಸಿ ರೊಟ್ಟಿ ಬಡಿಯುವ ಕೈಗಳಿಗೆ ಒಪ್ಪಿಸಿದ ಅವರು ಮೂವತ್ತೊಂದು ವರ್ಷಗಳ ಸೇವೆ ಮುಗಿಸಿ ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ.

ಇಂಥ ಅಭಿನಂದನ ಗ್ರಂಥಗಳಲ್ಲಿ ಹೊಗಳಿಕೆಗೆ ಬರವಿಲ್ಲ, ತಪ್ಪೊಪ್ಪಿಗೆಗೆ ಮಾತ್ರ ಜಾಗವಿರುವುದಿಲ್ಲ. ಈ ಲೇಖನ ಆ ರೂಢಿಯನ್ನು ಮುರಿಯುತ್ತದೆ. ಮುರಿಯಲೇಬೇಕೆಂದು ಹಟ ಹಿಡಿದವಳು ಶಿರೂರಿನ ಸಿದ್ದವ್ವ, ಒಂಬತ್ತು ಹೆಣ್ಣುಮಕ್ಕಳ ರೊಟ್ಟಿ-ಹೋಳಿಗೆ ಸಂಘದ ಹಿರಿಯಳು. ಆಕೆಯನ್ನು ಏಕವಚನದಲ್ಲಿ ಬರೆಯುವುದಕ್ಕೆ ಆಕೆಯದೇ ಅಪ್ಪಣೆಯಿದೆ. 'ಅವರು, ಇವರು' ಅಂದರೆ ಮತ್ತ್ಯಾರದೋ ಸುದ್ದಿ ಕೇಳಿದಂತಾಗುತ್ತದಂತೆ. ತಾನು ಮಾಡಿದ ತಪ್ಪೊಂದು ಹನ್ನೊಂದು ವರ್ಷದಿಂದ ರೋಹಿಣಿ ಅಕ್ಕೋರ ಹೆಸರಿನಲ್ಲಿ ಸರಕಾರಿ ಫೈಲಿನೊಳಗೆ ಕೂತಿದೆ, ಅವರು ಖುರ್ಚಿ ಬಿಡುವ ಮೊದಲು ಅದು ತನ್ನ ಹೆಸರಿಗೆ ಬರಬೇಕು ಎಂಬುದೇ ಆಕೆಯ ಹಟ.

ತುಳಸಿಗೇರಿಯಲ್ಲಿ ಹುಟ್ಟಿ, ಧಾರವಾಡದಲ್ಲಿ ಓದಿ, ಬಾಗಲಕೋಟೆಯ ಆಹಾರ ಸಂಸ್ಕರಣಾ ತರಬೇತಿ ಕೇಂದ್ರಕ್ಕೆ ಸೇರಿದ ರೋಹಿಣಿಯವರು ಮೊದಲ ಹತ್ತು ವರ್ಷ ಮನೆಯಲ್ಲಿ ಕೂತು ಉಂಡದ್ದಕ್ಕಿಂತ ಬಸ್ಸಿನಲ್ಲಿ ಉಂಡದ್ದೇ ಹೆಚ್ಚು. ಬಾದಾಮಿ ಕಡೆಯ ಪೇರಲ ಬೇಗ ಮಾಗಿ ಹೋಗುತ್ತದೆಂದರೆ, ಹಣ್ಣು ತಾನೇ ಬಿಡುವ ಅನಿಲವನ್ನು ಹೀರುವ ಪುಡಿಕೆಯನ್ನು ಬುಟ್ಟಿಗೆ ಇಟ್ಟು ನೋಡಿದರು. ಹುನಗುಂದದ ಕಡಕ ರೊಟ್ಟಿ ಮಳೆಗಾಲದಲ್ಲಿ ಮೆತ್ತಗಾಗುತ್ತದೆಂದರೆ ಅದಕ್ಕೆ ತೇವ ಹೀರುವ ಪುಡಿಕೆ ಹುಡುಕಿದರು. ಶಿರೂರಿಗೆ ಅವರು ಬಂದದ್ದು ಹನ್ನೊಂದು ವರ್ಷದ ಹಿಂದೆ, ಶೇಂಗಾ ಹೋಳಿಗೆಯ ಸಲುವಾಗಿ. ಶೇಂಗಾದ ಎಣ್ಣೆಗೆ ಗಾಳಿ ತಾಗಿದರೆ ಕೆಲವೇ ದಿನಕ್ಕೆ ಕಮಟು ವಾಸನೆ ಬರುತ್ತದೆ. ಅದನ್ನು ತಡೆಯಲು ಚೀಲದೊಳಗೆ ಒಂದು ಸಣ್ಣ ಪುಡಿಕೆ, ಅದರೊಳಗೆ ಕಬ್ಬಿಣದ ಪುಡಿ.

"ಅಕ್ಕೋರ, ಹೋಳಿಗಿ ಜೋಡಿ ಕಬ್ಬಿಣ ಇಡೂದಂದ್ರ ಏನ್ರಿ?" ಎಂದು ಸಂಘದ ಇಂದ್ರವ್ವ ಹೌಹಾರಿದಳು.

"ಕಬ್ಬಿಣದ ಹಂಚು ತೊಳದು ಒರಸದ ಇಟ್ರ ಜಂಗು ಹಿಡಿತೈತಿಲ್ಲೋ? ಗಾಳಿ ತಿಂದ ಹಿಡಿತೈತಿ ಅದು. ಇದೂ ಹಂಗ. ಚೀಲದಾಗಿನ ಗಾಳಿ ಇದು ತಿಂತೈತಿ, ಹೋಳಿಗಿಗೆ ತಾಗೂದಿಲ್ಲ" ಎಂದರು ರೋಹಿಣಿಯವರು. ಅಷ್ಟೇ ಪಾಠ, ಎಲ್ಲರಿಗೂ ತಿಳಿಯಿತು. ಸಿದ್ದವ್ವನ ಮಗಳ ಹೆರಿಗೆಯಾಗಿ ಆಕೆ ದವಾಖಾನೆಯಲ್ಲಿ ಉಳಿದ ದಿನ, ಕೆಲಸ ನಿಲ್ಲಬಾರದೆಂದು ಇವರೇ ಸೆರಗು ಸಿಕ್ಕಿಸಿ ಲಟ್ಟಣಿಗೆ ಹಿಡಿದು ಕೂತಿದ್ದರು. ಅವತ್ತು ಅವರು ಲಟ್ಟಿಸಿದ ಹೋಳಿಗೆಗಳಲ್ಲಿ ದುಂಡಗಿನದು ಒಂದೂ ಇರಲಿಲ್ಲವೆಂದು ಇಂದ್ರವ್ವ ಇವತ್ತಿಗೂ ಸಾಕ್ಷಿ ಹೇಳುತ್ತಾಳೆ.

ಆ ವರ್ಷದ ಸಂಕ್ರಾಂತಿಗೆ ಇಳಕಲ್ಲಿನ ಅಂಗಡಿಕಾರ ನಯೀಮ ಆರುನೂರು ಚೀಲ ಕೇಳಿದ್ದರು. ಎರಡು ತಿಂಗಳು ಕೆಡುವುದಿಲ್ಲವೆಂದು ರೋಹಿಣಿಯವರೇ ಭರವಸೆ ಕೊಟ್ಟಿದ್ದರು. ಸಂಜೆ ಎಲ್ಲ ಚೀಲಕ್ಕೂ ಪುಡಿಕೆ ಹಾಕಿ ಬಾಯಿ ಬೆಸೆದು ಇಟ್ಟರು. ಒಂದು ದಿನ ಬಿಟ್ಟು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ನೋಡಿದ ಸಿದ್ದವ್ವ ಗಾಬರಿಯಾದಳು. ಉಬ್ಬಿಕೊಂಡಿದ್ದ ಚೀಲಗಳೆಲ್ಲ ಹೊಟ್ಟೆ ಒಳಗೆ ಹೋಗಿ ಹೋಳಿಗೆಗೆ ಅಂಟಿ ಕೂತಿದ್ದವು. ಪುಡಿಕೆ ತನ್ನ ಕೆಲಸ ಮಾಡಿತ್ತು ಅಷ್ಟೆ. ಆದರೆ ಹಾಗಾಗುತ್ತದೆಂದು ಆಕೆಗೆ ಯಾರೂ ಹೇಳಿರಲಿಲ್ಲ. ಉಸಿರು ಕಟ್ಟಿದ ರೊಟ್ಟಿ ಬೂಸ್ಟು ಹಿಡಿಯುತ್ತದೆಂದು ಬುಟ್ಟಿಯ ಮೇಲೆ ಸಡಿಲ ಅರಿವೆ ಹೊದಿಸುತ್ತ ಬೆಳೆದ ಮನೆ ಅದು. ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದವಳೇ ಒಂದೊಂದು ಚೀಲಕ್ಕೂ ಒಂದೊಂದು ಸಲ ಚುಚ್ಚಿದಳು. ಗಾಳಿ ಒಳಗೆ ಹೋಗಿ ಚೀಲಗಳು ತುಸು ಸಡಿಲಾದವು. ಆರುನೂರೂ ಮುಗಿಸಿ, ದೊಡ್ಡ ಗಂಡಾಂತರ ತಪ್ಪಿಸಿದೆನೆಂದು ಹಿಗ್ಗಿ, ಯಾರಿಗೂ ಹೇಳದೆ ಕಸ ಗುಡಿಸಲು ಹೋದಳು.

ಇಪ್ಪತ್ತು ದಿನಕ್ಕೆ ನಯೀಮ ಮಾರದೆ ಉಳಿದ ಚೀಲಗಳನ್ನು ಟೆಂಪೊದಲ್ಲಿ ಹೇರಿಕೊಂಡು ಬಾಗಲಕೋಟೆಯ ಕೇಂದ್ರಕ್ಕೇ ಬಂದರು. ಒಳ್ಳೆಯ ಮನುಷ್ಯ, ಕೂಗಾಡಲಿಲ್ಲ, ಒಂದು ಚೀಲ ಒಡೆದು ಮೂಸಲು ಕೊಟ್ಟರು. ಕಮಟು ವಾಸನೆ ಕೋಣೆ ತುಂಬಿತು. ಕರೆ ಬಂದು ಶಿರೂರಿನಿಂದ ಬಂದಿದ್ದ ಸಿದ್ದವ್ವ, ಇಂದ್ರವ್ವ ಗೋಡೆಗೆ ಆತು ನಿಂತಿದ್ದರು. ರೋಹಿಣಿಯವರು ಬಕೀಟಿನಲ್ಲಿ ನೀರು ತರಿಸಿ, ಇನ್ನೊಂದು ಚೀಲವನ್ನು ಮುಳುಗಿಸಿ ಒತ್ತಿದರು. ಒಂದೇ ಜಾಗದಿಂದ ಗುಳ್ಳೆಗಳು ಸಾಲಾಗಿ ಎದ್ದವು. ಎರಡನೆಯದು, ಮೂರನೆಯದು, ಎಲ್ಲವೂ ಹಾಗೇ.

"ಯಾರೋ ಚುಚ್ಯಾರ್ರಿ ಮೇಡಂ. ಯಾರಂತ ಗೊತ್ತಾಗಲಿ" ಎಂದರು ನಯೀಮ.

ಸಿದ್ದವ್ವ ಬಳೆಯ ಪಿನ್ನನ್ನು ಸೆರಗಿನಡಿ ಸರಿಸಿದಳು. ಹೇಳಿದರೆ ಸಂಘ ಹೋಯಿತು, ಊರಲ್ಲಿ ಮುಖ ಹೋಯಿತು. ಆಕೆ ಬಾಯಿ ತೆರೆಯುವುದರೊಳಗೆ ರೋಹಿಣಿಯವರು ಕೈ ಒರೆಸಿಕೊಳ್ಳುತ್ತ ಹೇಳಿದರು: "ಚೀಲದ ಹೊಟ್ಟಿ ಒಳಗ ಹೋಗತೈತಿ ಅಂತ ನಾ ಇವರಿಗೆ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪು ನಂದ ನಯೀಮಣ್ಣಾ. ಹೊಸಾ ಮಾಲು ನಾನ ಮುಂದ ನಿಂತು ಮಾಡಿಸಿ ಕೊಡ್ತೇನಿ."

ಹಾಗೇ ಮಾಡಿಸಿದರು, ನಯೀಮ ಇಂದಿಗೂ ಶಿರೂರಿನ ಹೋಳಿಗೆಯನ್ನೇ ಮಾರುತ್ತಾರೆ. ಹೊಸ ಚೀಲಗಳಲ್ಲಿ ಪುಡಿಕೆಯ ಜೊತೆಗೆ ಒಂದು ಬಿಲ್ಲೆಯೂ ಬಂತು. ಗುಲಾಬಿ ಬಣ್ಣವಿದ್ದರೆ ಕ್ಷೇಮ, ನೀಲಿಯಾದರೆ ಗಾಳಿ ಹೊಕ್ಕಿದೆ ಎಂದರ್ಥ. ಅಂದಿನಿಂದ ಬಾದಾಮಿಯಿರಲಿ, ಹುನಗುಂದವಿರಲಿ, ರೋಹಿಣಿಯವರ ತರಬೇತಿ ಶುರುವಾಗುವುದು "ಚೀಲ ಸೊರಗಿದ್ರ ಹೆದರಬ್ಯಾಡ್ರಿ" ಎಂಬ ಮಾತಿನಿಂದಲೇ. ಇದನ್ನು ಹೇಳದೆ ಒಮ್ಮೆ ನಾನು ಕೆಟ್ಟೆ ಎಂದು ಸೇರಿಸುತ್ತಾರೆ. ಯಾರು ಚುಚ್ಚಿದರೆಂಬುದು ಎಂದೂ ಅವರ ಬಾಯಲ್ಲಿ ಬರಲಿಲ್ಲ.

ಈ ಗ್ರಂಥಕ್ಕಾಗಿ ಬರಹ ಕೂಡಿಸಲು ಕೇಂದ್ರದ ಗುಮಾಸ್ತ ಚೇತನಕುಮಾರ ಕಳೆದ ತಿಂಗಳು ಶಿರೂರಿಗೆ ಹೋಗಿದ್ದರು. ಮಾತಿಗೆ ಮಾತು ಬಂದು ಹಳೆಯ ಫೈಲಿನ ಸುದ್ದಿ ಹೇಳಿಬಿಟ್ಟರು. ರೋಹಿಣಿಯವರು ಮೇಲಿನವರಿಗೆ ಬರೆದ ವರದಿಯಲ್ಲೂ 'ತರಬೇತಿಯಲ್ಲಿ ನನ್ನಿಂದಾದ ಲೋಪ' ಎಂದೇ ಬರೆದಿದ್ದರು, ಆ ಒಂದು ಸಾಲಿನಿಂದ ಅವರ ಬಡ್ತಿ ಮೂರು ವರ್ಷ ನಿಂತಿತ್ತು. ಸಿದ್ದವ್ವ ಕೈಯಲ್ಲಿದ್ದ ಹಿಟ್ಟು ಹಾಗೇ ಬಿಟ್ಟು ಎದ್ದಳು. ಮಧ್ಯಾಹ್ನಕ್ಕೆ ರೋಹಿಣಿಯವರ ಮನೆಯ ಬಾಗಿಲಲ್ಲಿದ್ದಳು.

"ಅಕ್ಕೋರ, ಅವತ್ತ ಚುಚ್ಚಿದಾಕಿ ನಾನರಿ. ಆರುನೂರೂ ನಾನ ಚುಚ್ಚೀನಿ. ನಿಮ್ಮ ಬಡ್ತಿ ತಿಂದಾಕಿ ನಾನ."

ರೋಹಿಣಿಯವರು ಆಕೆಯನ್ನು ಕೂಡ್ರಿಸಿ ನೀರು ಕೊಟ್ಟರು. "ಯಾರೋ ಒಬ್ಬಾಕಿ ಅಂತ ಗೊತ್ತಿತ್ತು ಸಿದ್ದವ್ವಾ. ಯಾರಂತ ಕೇಳೂದು ನನಗ ಬ್ಯಾಡಾಗಿತ್ತು. ಅವತ್ತ ಎಲ್ಲಾರ ಮುಂದ ನಿನ್ನ ಹೆಸರು ಬಂದಿದ್ರ, ನೀ ಮರುದಿನ ಕೆಲಸಕ್ಕ ಬರ್ತಿದ್ದೇನು?"

ಸಿದ್ದವ್ವ ತಲೆ ತಗ್ಗಿಸಿದಳು. ಬರುತ್ತಿರಲಿಲ್ಲ. ಒಲೆ ಆರಿಸಿ ಮನೆ ಹಿಡಿಯುತ್ತಿದ್ದಳು, ಉಳಿದ ಎಂಟು ಮಂದಿಯೂ ಹಿಂದೆಯೇ. "ಇಲ್ರಿ" ಎಂದಳು.

"ಮತ್ತ? ಬಡ್ತಿ ತಡಾ ಮಾಡಿ ಬಂತು. ನೀ ಹೋಗಿದ್ರ ತಿರುಗಿ ಬರ್ತಿದ್ದಿಲ್ಲ. ಇದನ್ನೆಲ್ಲಾ ಪುಸ್ತಕದಾಗ ಬರಿಸಬ್ಯಾಡ."

ಸಿದ್ದವ್ವ ಕಣ್ಣೊರೆಸಿಕೊಂಡು ಎದ್ದು ನಿಂತಳು. "ಇಷ್ಟ ವರ್ಷ ನಿಮ್ಮ ಎಲ್ಲಾ ಮಾತು ಕೇಳೀನ್ರಿ ಅಕ್ಕೋರ. ಇದೊಂದು ಕೇಳಂಗಿಲ್ಲ."

ಹಾಗಾಗಿ ಬರೆದದ್ದಾಯಿತು. ಸಂಪಾದಕ ಮಂಡಳಿ ಸಿದ್ದವ್ವನಿಗೆ ಓದಿ ಹೇಳಿದೆ, ಆಕೆ ಒಂದಕ್ಷರ ಕಡಿಮೆ ಮಾಡಲು ಬಿಟ್ಟಿಲ್ಲ. ಡಾ. ರೋಹಿಣಿ ತುಳಸಿಗೇರಿಯವರಿಗೆ ಬಸವಣ್ಣ ದಂಡಿಯಾಗಿ ಆಯುಷ್ಯ ಕೊಡಲಿ, ಕಾಲಲ್ಲಿ ಇನ್ನೂ ಊರು ತಿರುಗುವ ಕಸುವು ಇಡಲಿ. ಮುಂದಿನ ತಿಂಗಳ ಮೊದಲ ಸೋಮವಾರ, ನಿವೃತ್ತರಾದ ಮೇಲೆಯೂ, ಹೊಸದಾಗಿ ಸಂಘಕ್ಕೆ ಸೇರಿದ ಐವರಿಗೆ ಕಲಿಸಲು ಶಿರೂರಿಗೆ ಬರುವುದಾಗಿ ಅವರು ಒಪ್ಪಿದ್ದಾರೆ. ಈ ಲೇಖನದ ಒಂದು ಪ್ರತಿಗೆ ಆವಕ ಸಂಖ್ಯೆ ಹಾಕಿ, ಆ ಹಳೆಯ ಫೈಲಿನಲ್ಲಿ ಅವರ ವರದಿಯ ಮೇಲೆಯೇ ಸೇರಿಸಬೇಕೆಂದು ಚೇತನಕುಮಾರರಿಂದ ಸಿದ್ದವ್ವ ಮಾತು ತೆಗೆದುಕೊಂಡಿದ್ದಾಳೆ. ಕೆಳಗಿನ ಸಹಿ ಆಕೆಯದೇ.

ಸಿದ್ದವ್ವ, ಶಿರೂರು